ಮೌನದ ವಾರದ ಚುಕ್ಕೆ

ವಾದಿ ಅದಾಯ್, ಮಸ್ಕತ್
೧೦ ಅಕ್ಟೋಬರ್ ೧೯೯೧, ಗುರುವಾರ

ಪ್ರೀತಿಯ ಒಲಿಂಡಾ,

ಮಗಳು ಕುಸುಮಳಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು, ಈಗ ಹುಷಾರಾಗಿದ್ದಾಳೆ ಎಂದಷ್ಟೇ ಬರೆದು ಮುಗಿಸುವವಳಿದ್ದೆ. ನನ್ನ ತಪ್ಪನ್ನು ಬಿಟ್ಟುಬಿಡುವುದು ಸುಲಭವಿತ್ತು. ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರಿಸದಿದ್ದುದಕ್ಕೂ ಕ್ಷಮೆ ಇರಲಿ.

ಕಾನ್ವೆಂಟಿನಲ್ಲಿ ನಾವಿಬ್ಬರೂ ಬೆಂಜಮಿನ್ ಫ್ರಾಂಕ್ಲಿನ್‌ನ ಹಾಗೆ ಪಟ್ಟಿ ಮಾಡಿದ್ದು ನೆನಪಿದೆಯೇ? ಹದಿಮೂರು ಒಳ್ಳೆಯ ಗುಣಗಳು, ವಾರಕ್ಕೊಂದು, ತಪ್ಪಿದರೆ ಕಪ್ಪು ಚುಕ್ಕೆ. ಮೇಣದಬತ್ತಿ ಮಾಡುವವನ ಮಗ, ಎರಡೇ ವರ್ಷ ಶಾಲೆಗೆ ಹೋದವನು, ತನ್ನನ್ನು ತಾನೇ ತಿದ್ದಿಕೊಂಡು ಅಷ್ಟು ದೊಡ್ಡವನಾದ ಎಂದು ಕುಸುಮಳಿಗೂ ಹೇಳಿ, ಫ್ರಿಜ್ಜಿನ ಬಾಗಿಲಿಗೆ ಅಂಥದೇ ಪಟ್ಟಿ ಅಂಟಿಸಿದೆ. ಆದರೆ ಫ್ರಾಂಕ್ಲಿನ್ ತನ್ನ ಚುಕ್ಕೆಯನ್ನು ತಾನೇ ಇಟ್ಟುಕೊಂಡ. ಇಲ್ಲಿ ಪೆನ್ನು ನನ್ನ ಕೈಯಲ್ಲಿತ್ತು.

ಪಕ್ಕದ ಮನೆಯ ಮೈಮುನಾ ನಕ್ಕಿದ್ದಳು: "ಎಂತ ಅಕ್ಕಾ, ಫ್ರಿಜ್ಜಿಗೂ ರಿಪೋರ್ಟ್ ಕಾರ್ಡಾ? ನಿಮ್ಮ ಚುಕ್ಕೆ ಯಾರು ಹಾಕುದು?"

ಕಳೆದ ವಾರ ಮೌನದ ಸರದಿ. ಪ್ರಯೋಜನವಿಲ್ಲದ ಮಾತು ಆಡಬಾರದು. ಶುಕ್ರವಾರ ಬೆಳಿಗ್ಗೆ ಅಕ್ಕಿ ರೊಟ್ಟಿ ಕೊಡಲು ಬಂದ ಮೈಮುನಾ, ಸೋಫಾದಲ್ಲಿ ಮುದುಡಿದ್ದ ಕುಸುಮಳ ಹಣೆ ಮುಟ್ಟಿ ಕೂಗಿದಳು: "ಮಗು ಸುಡ್ತಾ ಉಂಟು! ಹೊಟ್ಟೆ ಮುಟ್ಟಲಿಕ್ಕೇ ಬಿಡುದಿಲ್ಲ. ಯಲ್ಲಾ, ಹೊರಡಿ ಅಕ್ಕಾ, ಆಸ್ಪತ್ರೆಗೆ!"

ಇವರು ಕಾರು ಓಡಿಸುತ್ತಿದ್ದರು. "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಮಗಳನ್ನು ಕೇಳಿದೆ.

"ಸೈಲೆನ್ಸ್ ವೀಕ್, ಮಮ್ಮಿ."

ಇನ್ನೂ ಸ್ವಲ್ಪ ತಡವಾಗಿದ್ದರೆ ಅಪೆಂಡಿಕ್ಸ್ ಒಡೆಯುತ್ತಿತ್ತಂತೆ. ಆಪರೇಷನ್ ಮುಗಿದು ನರ್ಸ್ ಎಸ್ತರ್ ಹೊರಗೆ ಬಂದು "ಖಲಾಸ್, ಎಲ್ಲ ಸರಿಯಾಯ್ತು, ಇನ್ನು ಚಿಂತೆ ಇಲ್ಲ" ಎಂದಳು. ಈಗ ಕುಸುಮ ಗಂಜಿ ಬೇಡ, ಚಿಪ್ಸ್ ಬೇಕು ಎಂದು ದಿನವಿಡೀ ಜಗಳವಾಡುತ್ತಾಳೆ. ಕೇಳುತ್ತ ಕೇಳುತ್ತ ನನಗೆ ಉಸಿರು ಸರಾಗವಾಗುತ್ತದೆ.

ನಿನ್ನ ಮನೆಮಂದಿಗೆಲ್ಲ ಒಳ್ಳೆಯದಾಗಲಿ. ಕುಸುಮಳಿಗಾಗಿ ಒಂದು ಮೇಣದಬತ್ತಿ ಹಚ್ಚು.

ನಿನ್ನ
ದಮಯಂತಿ

ಮತ್ತೊಂದು ಮಾತು: "ಅವಳು ಹೇಳಲೇ ಇಲ್ಲ" ಎಂದು ಡಾಕ್ಟರಿಗೂ ಇವರಿಗೂ ಹೇಳಿದ್ದೇನೆ. ಅದು ಸುಳ್ಳು. ಬುಧವಾರ ಶಾಲೆಗೆ ಹೊರಡುವಾಗ ಹೊಟ್ಟೆನೋವು ಎಂದಿದ್ದಳು. ನೆಪ ಎಂದುಕೊಂಡು ಮೌನದ ಸಾಲಿನಲ್ಲಿ ಚುಕ್ಕೆ ಇಟ್ಟು ಕಳಿಸಿದೆ. ಕಾರಿನಲ್ಲಿ ನಾನು ಹಾಗೆ ಕೇಳಿದಾಗಲೂ, ಹನ್ನೊಂದರ ಮಗು, ಅಪ್ಪನೆದುರು ನನ್ನನ್ನು ಬಿಟ್ಟುಕೊಡಲಿಲ್ಲ. ಇಂದು ಆ ಚುಕ್ಕೆಯನ್ನು ಅಳಿಸಲು ಉಜ್ಜಿದೆ. ಕಾಗದ ತೂತಾಯಿತು.

ಶನಿವಾರ ಹೊಲಿಗೆ ಬಿಚ್ಚುತ್ತಾರೆ. ಅವಳ ಅಪ್ಪನೆದುರೇ ಅವಳಲ್ಲಿ ಕ್ಷಮೆ ಕೇಳಿ, ಆಮೇಲೆ ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ: ೧೨ ಅಕ್ಟೋಬರ್ ೧೯೯೧.