ಬಣ್ಣದ ಕೆಳಗಿನ ಗೀರು

ಕುಮಟೆಯ ಗುಡ್ಡದ ಮೇಲಿನ ಕೂಡುಮನೆಯಿಂದ,
೨೩೪೭ನೇ ಇಸವಿ, ಫೆಬ್ರವರಿ ೩೧

ಈಗಷ್ಟೇ ಯಂತ್ರ ಕೂರಿಸಿ ಕೈ ಒರೆಸಿಕೊಳ್ಳುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ತಿಂಗಳುಗಳ ಉದ್ದ ಬದಲಿಸಿದವರು ನಿಮ್ಮ ಮೊಮ್ಮಕ್ಕಳೇ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಎನಿಸಿದರೆ ಮನ್ನಿಸಿ. ಹೇಳಬೇಕಾದದ್ದು ಮಾತ್ರ ನೇರವಾಗಿದೆ.

ನೀವು ಮಲ್ಟಿಪ್ಲೆಕ್ಸರ್ ಎಂದು ಕರೆದದ್ದನ್ನು ನಾವು ಕೂಡುಯಂತ್ರ ಎನ್ನುತ್ತೇವೆ, ಅದನ್ನು ಇಟ್ಟಿರುವ ಮನೆ ಕೂಡುಮನೆ. ಹಳೆಯ ಪೇಟೆ ನೀರಿನಡಿ ಹೋದ ಮೇಲೆ ಅರ್ಧ ಊರು ಗುಡ್ಡದ ಮೇಲಿದೆ, ಇನ್ನರ್ಧ ದೋಣಿಕೇರಿಯಲ್ಲಿ ತೇಲುತ್ತಿದೆ. ನಡುವೆ ಇರುವುದು ಒಂದೇ ತಂತಿ. ಮೀನಿನ ದರ, ಶಾಲೆಯ ಪಾಠ, ಅತ್ತೆ ಸೊಸೆಗೆ ಬೈಯುವುದು, ಎಲ್ಲವನ್ನೂ ಯಂತ್ರ ಚೂರು ಚೂರು ಮಾಡಿ, ಸರದಿಯಂತೆ ಅದೇ ತಂತಿಯಲ್ಲಿ ಕಳಿಸುತ್ತದೆ. ಆಚೆ ತುದಿಯ ಯಂತ್ರ ಬಿಡಿಸಿ ಅವರವರಿಗೆ ಹಂಚುತ್ತದೆ. ಪ್ರತಿ ಕಂತೆಯ ಜೊತೆಗೂ ಒಂದು ತಾಳೆಯಂಕಿ ಹೋಗುತ್ತದೆ. ಆಚೆ ಲೆಕ್ಕ ತಾಳೆಯಾಗದಿದ್ದರೆ ಅದು ಒಂದು ತಪ್ಪು. ತಪ್ಪುಗಳು ಮಿತಿ ಮೀರಿದರೆ ನಮ್ಮಲ್ಲಿ ಗಂಟೆ ಬಾರಿಸುತ್ತದೆ. ಆ ಮಿತಿಯನ್ನು ಹಿಡಿದಿರುವುದು ಯಂತ್ರದ ಎದೆಯ ಮೇಲಿನ ಒಂದು ತಿರುಗುಗುಂಡಿ.

ನಮ್ಮಲ್ಲೊಂದು ಪದ್ಧತಿಯಿದೆ, ಹೆಸರು ಮೌನದುಡುಗೊರೆ. ಯಂತ್ರದ ಕಾವಲಿನಿಂದ ಇಳಿಯುವವರು ಹೊಸಬರಿಗಾಗಿ ಗುಂಡಿಯನ್ನು ತುಸು ಮೇಲಕ್ಕೆ ತಿರುಗಿಸುತ್ತಾರೆ. ಮೊದಲ ದಿನ ಗಂಟೆ ಬಾರಿಸಿದರೆ ಅಪಶಕುನವಂತೆ. ಆಮೇಲೆ ಯಂತ್ರಕ್ಕೆ ಹೊಸ ಬಣ್ಣ ಬಳಿದು ಹೂ ಮುಡಿಸುತ್ತಾರೆ. ಯಾರಿಗೂ ಕೆಟ್ಟ ಮನಸ್ಸಿಲ್ಲ, ಎಲ್ಲರದೂ ಪ್ರೀತಿಯೇ. ಅಂಥ ಪ್ರೀತಿಗೆ ಬೆಂಕಿ ಬೀಳಲಿ. ತಲೆಮಾರುಗಳ ಪ್ರೀತಿಯಲ್ಲಿ ಗುಂಡಿ ಎಷ್ಟು ಮೇಲೆ ಹೋಗಿದೆಯೆಂದರೆ ಗಂಟೆಯ ಸದ್ದು ಹೇಗಿರುತ್ತದೆ ಎಂದು ಇಲ್ಲಿ ಬದುಕಿರುವ ಯಾರಿಗೂ ಗೊತ್ತಿಲ್ಲ.

ಕಳೆದ ಮಳೆಗಾಲದಲ್ಲಿ ನಾವು ದೋಣಿಕೇರಿಗೆ ಗಾಳಿಯ ವೇಗ ತೊಂಬತ್ತು ಎಂದು ಕಳಿಸಿದೆವು. ತಂತಿಯ ಬೆಸುಗೆಗಳು ಕೊಳೆತಿದ್ದವು. ಅಲ್ಲಿಗೆ ಮುಟ್ಟಿದ್ದು ಇಪ್ಪತ್ತಾರು, ಗಂಟೆ ಬಾರಿಸಲಿಲ್ಲ. ಯಂತ್ರದ ಒಂದು-ಸೊನ್ನೆಗಳ ಬರಹದಲ್ಲಿ ಒಂದೇ ಒಂದು ಬಿಟ್ ಒಂದರಿಂದ ಸೊನ್ನೆಯಾದರೆ ಸಾಕು, ಅಷ್ಟು ವ್ಯತ್ಯಾಸವಾಗುತ್ತದೆ. ದೋಣಿಗಳು ಕಡಲಿಗಿಳಿದವು. ನನ್ನ ತಮ್ಮ ಮಾದೇವ ಒಂದರಲ್ಲಿದ್ದ. ಅವನು ತಿರುಗಿ ಬರಲಿಲ್ಲ.

ನಾಳೆ ಕಾವಲು ನನ್ನ ಕೈಗೆ ಬರುತ್ತದೆ. ಇಳಿಯುತ್ತಿರುವವರು ಬೀರಣ್ಣಜ್ಜ, ನನಗೆ ಕೆಲಸ ಕಲಿಸಿದವರು. ಉಡುಗೊರೆ ಬೇಡವೆಂದೆ.

"ಮೊದ್ಲ ದಿನವೇ ಕಿರಿಕಿರಿ ಯಾಕೆ ಮಾರಾಯ್ತಿ, ಸುಮ್ನೆ ತಗೊ," ಎಂದರು.

"ಕಿರಿಕಿರಿಯೇ ಬೇಕು ಅಜ್ಜ," ಎಂದೆ. ಅವರು ಮುಖ ತಿರುಗಿಸಿಕೊಂಡು ಎದ್ದು ಹೋದರು.

ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರೆ ಏನಾಗುತ್ತದೆಂದು ನನಗೆ ಗೊತ್ತು. ಗಂಟೆ ಬಾರಿಸುತ್ತಲೇ ಇರುತ್ತದೆ. ಬೆಸುಗೆಗಳನ್ನು ಒಂದೊಂದಾಗಿ ಸರಿಮಾಡುವವರೆಗೆ ನಿಯಮದಂತೆ ತಂತಿಯ ಮಾತು ನಿಲ್ಲಿಸಬೇಕು. ಊರಿನವರು ನನಗೆ ಹಿಡಿಶಾಪ ಹಾಕುತ್ತಾರೆ. ದೋಣಿಕೇರಿಯಲ್ಲಿ ಒಬ್ಬಳೇ ಇರುವ ಅವ್ವ ದಿನಾ ಬೆಳಿಗ್ಗೆ ನನ್ನ ದನಿ ಕೇಳಿಯೇ ಗಂಜಿ ಕುಡಿಯುವುದು, ಅದೂ ನಿಲ್ಲುತ್ತದೆ. ಆದರೂ ತಿರುಗಿಸುತ್ತೇನೆ. ತಪ್ಪು ಗಾಳಿಯ ಸುದ್ದಿ ಇನ್ನೊಬ್ಬಳ ತಮ್ಮನಿಗೆ ಮುಟ್ಟಲು ನಾನು ಬಿಡುವುದಿಲ್ಲ.

ಎಲ್ಲಿಯವರೆಗೆ ತಿರುಗಿಸಬೇಕು ಎಂಬುದೇ ಈಗ ನನ್ನ ಸಂಕಟ. ತೀರಾ ಕೆಳಗಿಟ್ಟರೆ ಎಷ್ಟು ಬೆಸುಗೆ ಹಾಕಿದರೂ ಗಂಟೆ ನಿಲ್ಲುವುದಿಲ್ಲ, ಮಾತು ಮತ್ತೆ ಶುರುವಾಗುವುದಿಲ್ಲ. ಮೇಲಿಟ್ಟರೆ ಮತ್ತೆ ದೋಣಿಗಳು ಹೋಗುತ್ತವೆ. ಸರಿಯಾದ ಜಾಗ ಗೊತ್ತಿದ್ದದ್ದು ನಿಮಗೆ ಮಾತ್ರ. ನೀವು ಬೇಕೆಂದೇ ತಪ್ಪುಗಳನ್ನು ಸೇರಿಸಿ ಕಳಿಸಿ, ಗಂಟೆ ಎಲ್ಲಿ ಬಾರಿಸಬೇಕೆಂದು ಪರೀಕ್ಷೆ ಮಾಡಿ ನೋಡಿದ್ದಿರಿ. ಆ ಪರೀಕ್ಷೆಯ ಸಾಮಾನುಗಳೆಲ್ಲ ಹಳೆಯ ಪೇಟೆಯೊಂದಿಗೆ ಮುಳುಗಿವೆ. ಗುಂಡಿಯ ಸುತ್ತ ಈಗ ಬರೀ ಬಣ್ಣ, ಪದರದ ಮೇಲೆ ಪದರ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಮನೆಗೆ ಹೊರಡುವ ಮುನ್ನ ಒಂದು ಮೊಳೆ ತೆಗೆದುಕೊಳ್ಳಿ. ಗುಂಡಿಯ ಪಕ್ಕದಲ್ಲಿ, ಸರಿಯಾದ ಜಾಗದಲ್ಲಿ, ಒಂದು ಗೀರು ಹಾಕಿ. ಚೀಟಿ ಅಂಟಿಸಬೇಡಿ, ಅದು ಉದುರುತ್ತದೆ. ಲೋಹ ಕೊರೆಯುವಷ್ಟು ಒತ್ತಿ ಎಳೆಯಿರಿ. ಯಂತ್ರ ಅಂದಗೆಟ್ಟಿತೆಂದು ಮೇಲಿನವರು ಬೈದರೆ ಬೈಸಿಕೊಳ್ಳಿ.

ನಾಳೆ ಬೆಳಿಗ್ಗೆ ಎಲ್ಲರೆದುರು ನಾನು ಆ ಬಣ್ಣ ಕೆರೆಯುತ್ತೇನೆ. ನಿಮ್ಮ ಗೀರು ಬೆರಳಿಗೆ ಸಿಗುವಂತಿರಲಿ.

ನಿಮ್ಮ ನಂತರದವಳು,
ನಾಗವೇಣಿ