ನೀನಿಲ್ಲದ ತಿಂಗಳ ಪಾಠ

ಗುರುವಾರ, ಮಧ್ಯಾಹ್ನ

ಪುಟ್ಟಿ,

ಮಗು ಹಾಲು ಕುಡಿದು ಮಲಗಿದ ಮೇಲೆ ನಿಧಾನವಾಗಿ ಓದು. ಅಳುತ್ತ ಓದಬೇಡ, ನಿನ್ನ ಅಳು ಅದಕ್ಕೂ ಅಂಟುತ್ತದೆ.

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ನೀನೇ. ರೋಗಿಗಳ ಕಡತಗಳನ್ನು ಹೊರಗೆ ಸಾಗಿಸಿದಳಂತೆ, ಕಾವಲು ತಂತ್ರಾಂಶವೇ ಹಿಡಿದು ಅವಳ ಕಂಪ್ಯೂಟರಿನ ಸಂಪರ್ಕ ಕತ್ತರಿಸಿತಂತೆ. ಬುಧವಾರದ ವಿಚಾರಣೆಯಲ್ಲಿ ನಿನ್ನ ಕೆಲಸ ಹೋಗುವುದೇ ಸೈ ಅನ್ನುತ್ತಾರೆ. ಸುಳ್ಳೇಕೆ, ಒಂದು ಗಳಿಗೆ ನನಗೂ ಅನುಮಾನ ಬಂತು. ಹೆರಿಗೆ ರಜೆ ಮುಗಿಸಿ ಬಂದ ದಿನವೇ ಅಷ್ಟೊಂದು ಕಡತ ತೆರೆದದ್ದೇಕೆ? ಆಮೇಲೆ ಹೊಳೆಯಿತು, ಬಾಕಿ ಬಿದ್ದ ಕೆಲಸವನ್ನು ಇನ್ಯಾರು ಮಾಡಬೇಕಿತ್ತು?

ನೆಟ್‌ವರ್ಕ್ ಕೋಣೆಯಲ್ಲಿ ತಂತಿ ಎಳೆಯುತ್ತಲೇ ಕಲಿತವಳು ನಾನು, ತಿಳಿದಷ್ಟು ಹೇಳುತ್ತೇನೆ. ಆ ಕಾವಲನ್ನು ನಮ್ಮ ಮೈ ನೋಡಿ ಮಾಡಿದ್ದಾರೆ. ಮೈ ತನ್ನದು ಯಾವುದೆಂದು ಮೊದಲು ಗುರುತು ಮಾಡಿಕೊಂಡು, ಹೊರಗಿನದು ಬಂದರೆ ಮೇಲೆ ಬೀಳುತ್ತದಲ್ಲ, ಹಾಗೆ. ಗುರುತು ಹಚ್ಚಲಿ ಎಂದು ಇದನ್ನೂ ಒಂದು ತಿಂಗಳು ಸುಮ್ಮನೆ ನೋಡಲು ಬಿಟ್ಟರು. ಆ ತಿಂಗಳು ನೀನು ಬಾಣಂತಿ, ನಿನ್ನ ಕುರ್ಚಿ ಖಾಲಿ. ಅದರ ಕಣ್ಣಿಗೆ ಬಿದ್ದವರೆಲ್ಲ ನಮ್ಮವರಾದರು, ನೀನೊಬ್ಬಳು ಹೊರಗಿನವಳಾದೆ.

ಆ ತಿಂಗಳನ್ನು ಆರಿಸಿದವರು ನಿಮ್ಮ ಮೇಲ್ವಿಚಾರಕರು. ನಿನ್ನ ರಜೆಗೆ ಸಹಿ ಹಾಕಿದವರೂ ಅವರೇ. ಹೋದ ವಾರ ನೇರವಾಗಿ ಕೇಳಿಯೇಬಿಟ್ಟೆ. ಕನ್ನಡಕ ಒರೆಸಿದರೇ ಹೊರತು ನನ್ನ ಮುಖ ನೋಡಲಿಲ್ಲ. "ತಂಗಿ ಮಗಳು ಅನ್ನೋ ಕರುಳು ಯಂತ್ರಕ್ಕೆ ಇರಲ್ಲಮ್ಮ. ಅದು ಕಳ್ಳರನ್ನು ಮಾತ್ರ ಹಿಡಿಯುತ್ತೆ," ಅಂದರು. ಬೇಕೆಂದೇ ಮಾಡಿದರೋ, ಮರೆತರೋ, ನಾನರಿಯೆ. ನಿನ್ನ ಜಾಗಕ್ಕೆ ಅವರ ನಾದಿನಿ ಬರುತ್ತಾಳೆಂದು ಕ್ಯಾಂಟೀನಿನಲ್ಲಿ ಕಿವಿಗೆ ಬಿತ್ತು. ಅಂದಿನಿಂದ ಅವರು ನಕ್ಕರೂ ನನಗೆ ಹಲ್ಲಷ್ಟೇ ಕಾಣುತ್ತದೆ.

ಇದನ್ನೆಲ್ಲ ವಿಚಾರಣೆಯಲ್ಲಿ ನಾನು ಹೇಳಿದರೆ, ದೊಡ್ಡಮ್ಮನಲ್ಲವೇ, ವಹಿಸಿಕೊಂಡು ಬರುತ್ತಾಳೆ ಅಂದಾರು. ನಿನ್ನ ಗಂಡ ಹೇಳಿದನೆಂದು ರಾಜೀನಾಮೆ ಮಾತ್ರ ಬರೆದುಕೊಡಬೇಡ. ಬುಧವಾರ ಬಂದು ನೆಟ್ಟಗೆ ಕೂರು. ಮಗುವನ್ನು ನಿನ್ನ ಅಮ್ಮ ನೋಡಿಕೊಳ್ಳಲಿ, ಅವಳಿಗೆ ನಾನು ಹೇಳುತ್ತೇನೆ.

ನಿನ್ನ ಮೇಲೆ ಒಂದು ಗಳಿಗೆ ಮಾತ್ರ ಅನುಮಾನಪಟ್ಟ
ದೊಡ್ಡಮ್ಮ

ತಾ.ಕ.: ಮೇಲ್ವಿಚಾರಕರು ರಜೆಯ ಮೇಲಿದ್ದಾರೆ, ಬುಧವಾರವೇ ಮರಳುವುದು. ಅವರು ಆಚೆ ಹೋಗುತ್ತಲೇ ನಾನು ಕಾವಲಿನ ಹಳೆಯ ಗುರುತೆಲ್ಲ ಅಳಿಸಿ, ಈ ಸಲ ತಿಂಗಳಲ್ಲ, ಮಂಗಳವಾರದವರೆಗೆ ಮಾತ್ರ ಮೊದಲಿಂದ ನೋಡು ಎಂದು ಬಿಟ್ಟಿದ್ದೇನೆ. ವಿಚಾರಣೆಯಲ್ಲಿ ಎಲ್ಲರೆದುರು ಅವರು ತಮ್ಮ ಕಂಪ್ಯೂಟರ್ ತೆರೆದ ಕೂಡಲೇ ಅದು ಅವರನ್ನೂ ಕತ್ತರಿಸುತ್ತದೆ. ಕತ್ತರಿಸಿದ ಮಾತ್ರಕ್ಕೆ ಕಳ್ಳರಾಗುವುದಿಲ್ಲ ಎಂದು ಆಗ ಅವರೇ ವಿವರಿಸಲಿ. ನೀನು ಸುಮ್ಮನೆ ಕೇಳಿಸಿಕೊ.