ಇಬ್ಬರಿಗಾಗಿ ನಡೆದ ಪರೀಕ್ಷೆ

ಉರ್ವ, ಮಂಗಳೂರು
14 ಜುಲೈ 2025

ಪ್ರೀತಿಯ ಝಹ್ರಾ,

ಉಳ್ಳಾಲದಲ್ಲಿ ಹೇಗಿದ್ದೀ ಎಂದು ಕೇಳುವ ಧೈರ್ಯವಿಲ್ಲ. ನೀನು ಫೋನ್ ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ. ಡಿಜಿಟಲ್ ಕಮ್ಯುನಿಕೇಶನ್, ನೆಟ್‌ವರ್ಕಿಂಗ್ ಎಂದು ತಲೆ ಕೆಡಿಸಿಕೊಂಡ ನಾವು ಕೊನೆಗೆ ಅಂಚೆಯವನ ಕಾಲು ಹಿಡಿಯಬೇಕಾಯಿತು ನೋಡು.

ರಿಸಲ್ಟ್ ಬಂತು. ನಾನು ಫೇಲ್. ನಿನ್ನ ನಂಬರಿನ ಮುಂದೆ ‘ಗೈರುಹಾಜರಿ’. ನಮ್ಮ ಹಳೆಯ ಸಿಲೆಬಸ್‌ಗೆ ಇದೇ ಕೊನೆಯ ಪರೀಕ್ಷೆ ಎಂದು ಯುನಿವರ್ಸಿಟಿ ಮೊದಲೇ ಹೇಳಿತ್ತಲ್ಲ, ಇನ್ನು ಇಬ್ಬರಿಗೂ ಡಿಗ್ರಿ ಇಲ್ಲ. ಒಂದೇ ಒಂದು ಪೇಪರು ಉಳಿಸಿಕೊಂಡು ನಾಲ್ಕು ವರ್ಷದ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಆ ದಿನ ಹಾಲ್ ತುಂಬ ಬೆಂಚುಗಳು. ಎರಡರ ಮೇಲೆ ಮಾತ್ರ ಚಾಕ್‌ನಲ್ಲಿ ನಂಬರು: ನನ್ನದು, ಪಕ್ಕದಲ್ಲಿ ನಿನ್ನದು. ಮೇಲ್ವಿಚಾರಣೆಗೆ ಬಂದ ಶ್ರವಣ್ ಎಂಬ ಲೆಕ್ಚರರ್ ನಮಗಿಂತ ಚಿಕ್ಕವನು. ಈ ಸಿಲೆಬಸ್ ಇನ್ನೂ ಉಂಟಾ ಮೇಡಂ ಅಂತ ಬೆರಗಾದ. ನಿನ್ನ ಬೆಂಚಿನ ಮೇಲೆ ಪ್ರಶ್ನೆಪತ್ರಿಕೆ ಕವುಚಿಟ್ಟು, ಇನ್ನೊಬ್ಬರು ಬರ್ತಾರಾ ಅಂದ. ಬಾರದೆ ಎಂತ, ನನಗೆ ಪಾಠ ಹೇಳಿಕೊಟ್ಟವಳೇ ಅವಳು ಅಂದೆ, ಜಂಬದಿಂದ.

ಸುಳ್ಳಲ್ಲವಲ್ಲ. ಲೈಬ್ರರಿಯಲ್ಲಿ ಈ ಇಡೀ ಪೇಪರನ್ನು ನನ್ನ ಮಂಡೆಗೆ ತುಂಬಿಸಿದವಳು ನೀನು. ಆಗ, ಕಾಲೇಜಿನಲ್ಲಿದ್ದಾಗ, ಪರೀಕ್ಷೆಯ ದಿನವೇ ನಿನಗೆ ಟೈಫಾಯಿಡ್, ನಾನು ಫೇಲ್. ಆಮೇಲೆ ನಿನಗೆ ನಿನ್ನ ಅಣ್ಣ ಶಫೀಕನ ಮೊಬೈಲ್ ಅಂಗಡಿಯ ಕೆಲಸ, ನಾಳೆ ನಾಡಿದ್ದು ಎನ್ನುತ್ತ ವರ್ಷಗಳು ಹೋದವು. ಈ ಸಲದ ಪರೀಕ್ಷೆಯ ಹಿಂದಿನ ಸಂಜೆ ನೀನು ಫೋನ್ ಮಾಡಿ, ಎಂತ ಸಹ ನೆನಪಿಲ್ಲ ಮಾರಾಯ್ತಿ, ಪುಸ್ತಕ ತೆಗೆಯಲಿಕ್ಕೇ ಹೆದರಿಕೆ ಆಗ್ತದೆ ಅಂದೆ. ನಾನು ನಕ್ಕುಬಿಟ್ಟೆ. ನೀನೇ ಹೀಗಂದರೆ ನಮ್ಮಂಥವರ ಗತಿ ಎಂತ ಅಂದೆ.

ಅರ್ಧ ಗಂಟೆ ಕಳೆದ ಮೇಲೆ ಶ್ರವಣ್ ನಿನ್ನ ಪ್ರಶ್ನೆಪತ್ರಿಕೆ ಎತ್ತಿಕೊಂಡು ಬಾಗಿಲು ಹಾಕಿದ. ನೇತ್ರಾವತಿ ಸೇತುವೆಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಿರಬೇಕು ಎಂದು ನಾನು ಹೇಳಿದೆ. ಮತ್ತೆ ಬರೆದೆ. ನಿನ್ನ ದನಿ ನೆನಪಿಗೆ ಬರುತ್ತಿತ್ತು, ಸೂತ್ರ ಬರಲಿಲ್ಲ.

ಅಪ್ಪ ಬೈಯಲಿಲ್ಲ. ಹೋಗಲಿ ಮಗಾ, ನಾಳೆಯಿಂದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತುಕೋ ಅಂದರು. ಬೈದಿದ್ದರೇ ಒಳ್ಳೆಯದಿತ್ತು. ಕಾಲೇಜಿನ ಲ್ಯಾಬಿನಲ್ಲಿ ನನಗೆ ಸಿಗಬೇಕಿದ್ದ ಕೆಲಸವೂ ಹೋಯಿತು. ನಿನ್ನ ಎಂ.ಟೆಕ್. ಕನಸಿನ ಬಗ್ಗೆ ನಾನು ಏನೂ ಬರೆಯಲಾರೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಉತ್ತರ ಬರೆಯದಿದ್ದರೂ ಸರಿ, ಇದನ್ನು ಹರಿಯದೆ ಓದು.

ನಿನ್ನ
ಸಂಚಿತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದ್ದು. ಬಸ್ಸಿನ ಕಥೆ ನಾನು ಕಟ್ಟಿದ್ದು. ನನ್ನ ಬೆಂಚಿನ ಕಿಟಕಿಯಿಂದ ಗೇಟು ಕಾಣುತ್ತಿತ್ತು. ನೀನು ಬಂದಿದ್ದೆ. ಹಾಲ್‌ಟಿಕೆಟ್ ಹಿಡಿದುಕೊಂಡು ಒಳಗೊಂದು ಹೆಜ್ಜೆ, ಹೊರಗೊಂದು ಹೆಜ್ಜೆ ಇಡುತ್ತಿದ್ದೆ. ನಾನು ಬಂದು ಕೈ ಹಿಡಿದಿದ್ದರೆ ಸಾಕಿತ್ತು. ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ಶ್ರವಣ್ ಹೇಳಿದ್ದ. ಇಬ್ಬರಲ್ಲಿ ಒಬ್ಬಳಾದರೂ ಪಾಸಾಗಲಿ ಎಂದುಕೊಂಡು ತಲೆ ತಗ್ಗಿಸಿದೆ. ಅಷ್ಟರಲ್ಲಿ ನೀನೂ ನನ್ನನ್ನು ನೋಡಿದೆ, ಅಲ್ಲವಾ?